ಎರಡು ಮೈಲಿ ಉದ್ದದ ಸತ್ಯ

ಪತ್ರಿಕೆ ಬಂದ ಕೂಡಲೇ ಮುಖಪುಟ ಬಿಟ್ಟು ಜಾಹೀರಾತು ಹುಡುಕುವ ನನ್ನನ್ನು ಕಂಡರೆ ಮನೆಯಲ್ಲಿ ನಗುತ್ತಾರೆ. ನಗಲಿ. ರಾಜಕಾರಣಿ ನಿನ್ನೆ ಆಡಿದ ಮಾತು ನಾಳೆಗೆ ಹಳಸಿಹೋಗುತ್ತದೆ. ಆದರೆ ಒಂದು ಕಾಲದ ಜನಕ್ಕೆ ಏನು ಬೇಕಿತ್ತು, ಯಾವುದಕ್ಕೆ ಆಸೆಪಡುತ್ತಿದ್ದರು, ಯಾವ ಮಾತಿಗೆ ಮರುಳಾಗುತ್ತಿದ್ದರು ಎಂಬುದು ಹಳೆಯ ಜಾಹೀರಾತಿನಲ್ಲಿ ಉಪ್ಪಿನಕಾಯಿಯ ಹಾಗೆ ಕೆಡದೆ ಉಳಿದಿರುತ್ತದೆ.

ಶಿವಮೊಗ್ಗದ ಗಾಂಧಿ ಬಜಾರಿಗೆ ಸೀರೆ ಕೊಳ್ಳಲು ಹೋಗುವ ನಮಗೆಲ್ಲ ‘ಕೊನೆಯ ಮೂರು ದಿನ’ ಎಂಬ ಬರಹದ ಅರ್ಥ ಗೊತ್ತು. ಆ ಮೂರು ದಿನ ಆಷಾಢದಲ್ಲಿ ಶುರುವಾದರೆ ಗೌರಿ ಹಬ್ಬ ಬಂದರೂ ಮುಗಿಯುವುದಿಲ್ಲ. ಅದು ಅಂಗಡಿಯವರಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿದ್ದೂ ನಾಲ್ಕನೆಯ ದಿನ ಹೋಗುತ್ತೇವೆ, ಅವರೂ ನಗುನಗುತ್ತಾ ಸೀರೆ ಬಿಚ್ಚಿ ಹಾಸುತ್ತಾರೆ. ಇದನ್ನು ಸುಳ್ಳು ಎನ್ನಬೇಕೇ? ಹೇಳಿದವರಿಗೂ ಕೇಳಿದವರಿಗೂ ಗೊತ್ತಿರುವ ಸುಳ್ಳು ಸುಳ್ಳಾಗುತ್ತದೆಯೇ? ಸುಳ್ಳಲ್ಲವಾದರೆ ಅದು ಮತ್ತೇನು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆರವಾದದ್ದು ನೂರು ವರ್ಷಕ್ಕೂ ಹಿಂದಿನ ಮೂಕಿ ಚಿತ್ರದ ಒಂದು ಜಾಹೀರಾತು.

ಅದಕ್ಕೆ ಮೊದಲು ಕಾಗದದ ಮಾತು ಸ್ವಲ್ಪ ಹೇಳಬೇಕು. ನಮ್ಮ ಕಡೆಯವರಿಗೆ ಪತ್ರಿಕೆಯ ಕಾಗದ ಎಲ್ಲಿಂದಲೋ ಬರುವ ವಸ್ತುವಾಗಿರಲಿಲ್ಲ. ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ 1981ರಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಕೂಡ ತಯಾರಿಸಿತು. ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗುವಾಗ ಕಣ್ಣು ಮುಚ್ಚಿ ಕೂತಿದ್ದರೂ ಭದ್ರಾವತಿಯ ಪೇಪರ್ ಟೌನ್ ಹತ್ತಿರ ಬಂತೆಂದು ಮೂಗು ಹೇಳುತ್ತಿತ್ತು. ಬೊಂಬು, ನೀಲಗಿರಿ ಹೇರಿಕೊಂಡ ಲಾರಿಗಳು ಒಳಗೆ ಹೋಗುತ್ತಿದ್ದವು, ಬಿಳಿಯ ಸುರುಳಿಗಳು ಹೊರಗೆ ಬರುತ್ತಿದ್ದವು. ಆ ಸುರುಳಿಯ ಮೇಲೆ ಮುಂದೆ ಸತ್ಯ ಅಚ್ಚಾಗುವುದೋ ಸುಳ್ಳು ಅಚ್ಚಾಗುವುದೋ ಕಾಗದಕ್ಕೇನು ಗೊತ್ತು? 2015ರ ಹೊತ್ತಿಗೆ ಅಲ್ಲಿ ಉತ್ಪಾದನೆ ನಿಂತುಹೋಯಿತು. ಅಲ್ಲಿ ದುಡಿದವರ ಕುಟುಂಬಗಳಿಗೆ ಅದು ಇಂದಿಗೂ ಆರದ ಗಾಯ. ನಾವು ಅರೆಗಳಿಗೆ ನೋಡಿ ಮಡಚಿಡುವ ಜಾಹೀರಾತಿನ ಹಿಂದೆ ಇಷ್ಟು ಜನರ ಬೆವರು ಇರುತ್ತದೆ ಎಂಬುದನ್ನು ಅಲ್ಲಿ ಓಡಾಡಿದವರು ಮರೆಯಲಾರರು. ಈ ಬೆವರಿನ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಇನ್ನು ಸಿನಿಮಾ ಜಾಹೀರಾತಿಗೆ ಬರೋಣ. ನಮ್ಮ ದೇಶದಲ್ಲಿ ಅದರ ಹುಟ್ಟು ಬ್ರಿಟಿಷರ ಕಾಲದ ಬಂದರು ನಗರವಾದ ಮುಂಬಯಿಯಲ್ಲಿ. 1896ರ ಜುಲೈ 7ರಂದು ಅಲ್ಲಿನ ಟೈಮ್ಸ್ ಆಫ್ ಇಂಡಿಯಾದಲ್ಲಿ ಒಂದು ಪ್ರಕಟಣೆ ಬಂತು. ಫ್ರಾನ್ಸಿನ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಅಂದು ಸಂಜೆ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನವಾಗಲಿವೆ. 6, 7, 9 ಮತ್ತು 10 ಗಂಟೆಗೆ ಆಟ. ಪ್ರವೇಶ ಧನ ಒಂದು ರೂಪಾಯಿ. ಇದು ಶತಮಾನದ ಅದ್ಭುತ, ಜಗತ್ತಿನ ವಿಸ್ಮಯ ಎಂಬ ಬಣ್ಣನೆ ಬೇರೆ. ತೋರಿಸಿದ್ದು ರೈಲು ನಿಲ್ದಾಣಕ್ಕೆ ಬರುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಬೀಳುವುದು, ಗೋಡೆ ಕೆಡಹುವುದು ಇಂಥ ಚಿಕ್ಕ ಚಿಕ್ಕ ಆರು ಚಿತ್ರಗಳನ್ನು. ವಾಟ್ಸನ್ ಹೋಟೆಲಿನ ಕಬ್ಬಿಣದ ಕಂಬ ತೊಲೆಗಳೆಲ್ಲ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಭದ್ರಾವತಿಯಲ್ಲಿ ಕಬ್ಬಿಣ ಕಾಯಿಸುವ ಕುಲುಮೆ ಹೊತ್ತಿಕೊಳ್ಳುವುದಕ್ಕೆ ಇನ್ನೂ ಕಾಲು ಶತಮಾನಕ್ಕೂ ಹೆಚ್ಚು ಕಾಲವಿತ್ತು.

ಕೆಲವೇ ದಿನಗಳಲ್ಲಿ ಆಟ ನಾವೆಲ್ಟಿ ಥಿಯೇಟರಿಗೆ ಬದಲಾಯಿತು. ಟಿಕೆಟ್ಟಿನ ದರ ನಾಲ್ಕಾಣೆಯಿಂದ ಎರಡು ರೂಪಾಯಿಯವರೆಗೆ ಹರಡಿಕೊಂಡಿತು. ಜೊತೆಗೆ, ಗೋಷಾದಲ್ಲಿರುವ ಹೆಂಗಸರಿಗೂ ಅವರ ಕುಟುಂಬದವರಿಗೂ ಪ್ರತ್ಯೇಕ ಬಾಕ್ಸುಗಳನ್ನು ಕಾದಿರಿಸಲಾಗಿದೆ ಎಂಬ ಸೂಚನೆಯೂ ಜಾಹೀರಾತಿನಲ್ಲಿ ಸೇರಿತು. ಇದನ್ನು ಓದಿದಾಗ ನನಗೆ ನಗು ಬಂತು, ಹೊಟ್ಟೆಯಲ್ಲಿ ಸಣ್ಣ ಸಂಕಟವೂ ಆಯಿತು. ಇಂಗ್ಲಿಷ್ ಪತ್ರಿಕೆಯ ಆ ಸಾಲನ್ನು ಗೋಷಾದ ಒಳಗಿದ್ದ ಎಷ್ಟು ಜನ ಹೆಂಗಸರು ಓದಿರಬಹುದು? ಅದು ಹೆಂಗಸರ ಬಗ್ಗೆ ಗಂಡಸರಿಗೆ ಬರೆದ ಕಾಗದ. ‘ನಿಮ್ಮ ಮನೆಯವರನ್ನೂ ಕರೆತನ್ನಿ, ಮಾನಕ್ಕೆ ಊನವಿಲ್ಲ’ ಎಂಬ ಭರವಸೆ. ನಮ್ಮ ಊರುಗಳ ಹ್ಯಾಂಡ್‌ಬಿಲ್ಲುಗಳಲ್ಲಿ ‘ಸ್ತ್ರೀಯರಿಗೆ ಪ್ರತ್ಯೇಕ ಆಸನ ವ್ಯವಸ್ಥೆ’, ‘ಸಕುಟುಂಬ ಸಪರಿವಾರ ಸಮೇತ ನೋಡಿ ಆನಂದಿಸಿ’ ಎಂದು ಬರೆಯುತ್ತಿದ್ದುದಕ್ಕೆ ಇದೇ ಮುತ್ತಜ್ಜಿ ಇರಬೇಕು.

ನಾನು ಹೇಳಹೊರಟ ಜಾಹೀರಾತು ಇದಕ್ಕಿಂತ 17 ವರ್ಷ ಈಚಿನದು. 1913ರ ಮೇ 3ರಂದು ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬಯಿಯ ಗಿರಗಾಂವ್‌ನ ಕಾರೋನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಬರಿಯ ಸಿನಿಮಾಕ್ಕೆ ಜನ ಬರುತ್ತಾರೋ ಇಲ್ಲವೋ ಎಂದು ಅದರ ಜೊತೆಗೆ ಒಬ್ಬ ವಿದೇಶಿ ನರ್ತಕಿಯ ನೃತ್ಯ, ಹಾಸ್ಯದ ತುಣುಕು, ಕಾಲಿನಿಂದ ವಸ್ತುಗಳನ್ನು ಚಿಮ್ಮಿ ಆಡಿಸುವವನ ಕಸರತ್ತು ಎಲ್ಲವನ್ನೂ ಸೇರಿಸಿ ಪ್ರಚಾರ ಮಾಡಿದ್ದರು. ಮುಂಬಯಿಯಲ್ಲಿ ಚಿತ್ರ ಚೆನ್ನಾಗಿ ಓಡಿತು. ಹಿಂದೊಮ್ಮೆ ದೊಡ್ಡ ಬಂದರಾಗಿದ್ದ ಸೂರತ್ತಿನಲ್ಲಿ ಮಾತ್ರ ಮೊದಲ ದಿನ ಗಲ್ಲಾದಲ್ಲಿ ಬಿದ್ದದ್ದು ಮೂರೇ ರೂಪಾಯಿ ಎಂಬುದು ಸಿನಿಮಾ ಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳುವ ಕಥೆ. ಕಾರಣವೂ ಸರಳ. ಅಲ್ಲಿನ ಜನಕ್ಕೆ ಎರಡಾಣೆ ಕೊಟ್ಟರೆ ಆರು ಗಂಟೆಯ ನಾಟಕ ಸಿಗುತ್ತಿತ್ತು. ಮೂರಾಣೆ ಕೊಟ್ಟು ಒಂದೂವರೆ ಗಂಟೆಯ ಆಟ ನೋಡುವ ಪೆದ್ದರು ಯಾರು? ಸಂಸಾರ ತೂಗಿಸುವ ಯಾವ ಹೆಂಗಸೂ ಹಾಗೇ ಲೆಕ್ಕ ಹಾಕುತ್ತಿದ್ದಳು.

ಆಗ ಹುಟ್ಟಿತು ಆ ಜಾಹೀರಾತು. ಐವತ್ತೇಳು ಸಾವಿರ ಛಾಯಾಚಿತ್ರಗಳಿರುವ ಪ್ರದರ್ಶನ, ಎರಡು ಮೈಲಿ ಉದ್ದದ ಚಿತ್ರ, ಎಲ್ಲ ಸೇರಿ ಬರೀ ಮೂರಾಣೆಗೆ! ಜನ ಮುಗಿಬಿದ್ದರಂತೆ. ಮೂರು ರೂಪಾಯಿಯ ಗಳಿಕೆ ಮುನ್ನೂರಕ್ಕೆ ಏರಿತಂತೆ. ಹೊತ್ತಿನ ಲೆಕ್ಕದಲ್ಲಿ ಸೋತದ್ದನ್ನು ಉದ್ದದ ಲೆಕ್ಕದಲ್ಲಿ ಗೆದ್ದರು. ಎಂಥ ಚತುರತೆ ಎಂದು ಎಲ್ಲರೂ ಹೊಗಳುತ್ತಾರೆ.

ನಾನು ಮಾತ್ರ ಮಕ್ಕಳ ಗಣಿತದ ಪುಸ್ತಕದ ಹಿಂದೆ ಸಣ್ಣ ಲೆಕ್ಕ ಹಾಕಿದೆ. ಸಿನಿಮಾ ಫಿಲಮಿನಲ್ಲಿ ಒಂದು ಅಡಿಗೆ 16 ಚಿತ್ರಗಳು. 57,000ವನ್ನು 16ರಿಂದ ಭಾಗಿಸಿದರೆ ಸುಮಾರು 3,560 ಅಡಿ. ‘ರಾಜಾ ಹರಿಶ್ಚಂದ್ರ’ದ ಉದ್ದ ದಾಖಲೆಯಲ್ಲಿರುವುದೂ 3,700 ಅಡಿ. ಅಂದರೆ ಛಾಯಾಚಿತ್ರಗಳ ಲೆಕ್ಕ ಹೆಚ್ಚುಕಡಿಮೆ ಸರಿ, ಒಂದು ಗುಂಜಿ ಕಡಿಮೆಯೇ ಹೇಳಿದ್ದಾರೆ. ಆದರೆ ಮೈಲಿ? ಎರಡು ಮೈಲಿಗೆ 10,560 ಅಡಿ. ಅಷ್ಟುದ್ದದ ಚಿತ್ರಕ್ಕೆ 1,68,960 ಛಾಯಾಚಿತ್ರ ಬೇಕು. ನಿಜವಾದ ಚಿತ್ರ ಮುಕ್ಕಾಲು ಮೈಲಿಯೂ ಇರಲಿಲ್ಲ. ಒಂದೇ ಜಾಹೀರಾತಿನಲ್ಲಿ ಒಂದು ಸಂಖ್ಯೆ ನಿಜ, ಪಕ್ಕದ ಸಂಖ್ಯೆ ಸುಳ್ಳು. ಆಟದಲ್ಲಿ ಬೇರೆ ಸುರುಳಿಗಳೂ ಸೇರಿದ್ದವೆನ್ನೋಣ ಎಂದರೆ, ಜಾಹೀರಾತು ಹೇಳಿದ್ದು ಚಿತ್ರದ ಉದ್ದವನ್ನೇ. ಅದೂ ಯಾವ ಚಿತ್ರ? ಸತ್ಯಕ್ಕಾಗಿ ರಾಜ್ಯ, ಹೆಂಡತಿ, ಮಗ, ಕೊನೆಗೆ ತನ್ನನ್ನೂ ಕಳೆದುಕೊಂಡ ಹರಿಶ್ಚಂದ್ರನದು! ಮೂಕಿ ಚಿತ್ರವಾದ್ದರಿಂದ ಆತ ಪರದೆಯ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಅವನ ಪರವಾಗಿ ಊರಲ್ಲಿ ಮಾತಾಡಿದ್ದು ಈ ಜಾಹೀರಾತು.

‘ಅಯ್ಯೋ ಬಿಡ್ರೀ, ಅದೇನು ಮಹಾ ಸುಳ್ಳು? ಅತಿಶಯೋಕ್ತಿ ಅಷ್ಟೆ’ ಎಂದರು ಈ ಲೆಕ್ಕ ತೋರಿಸಿದಾಗ ಪಕ್ಕದ ಮನೆಯವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅತಿಶಯೋಕ್ತಿ ನಮ್ಮಲ್ಲಿ ದೋಷವಲ್ಲ, ಅಲಂಕಾರ. ನಾಯಕಿಯ ನಡು ಇದೆಯೋ ಇಲ್ಲವೋ ಎಂದು ಕವಿ ಬರೆದರೆ ಅವಳಿಗೆ ವೈದ್ಯರನ್ನು ಕರೆಯಿರೆಂದು ಯಾರೂ ಹೇಳುವುದಿಲ್ಲ. ‘ಸಾವಿರ ಸಲ ಹೇಳಿದೀನಿ, ಚಪ್ಪಲಿ ಹೊರಗೆ ಬಿಡು’ ಎಂದು ಮಗನಿಗೆ ಗದರುವಾಗ ನಾನೂ ಎಣಿಸಿ ಹೇಳಿರುವುದಿಲ್ಲ. ಸೂರತ್ತಿನ ಪ್ರೇಕ್ಷಕನಿಗೆ ನಷ್ಟವೇನಾಯಿತು? ಮೂರಾಣೆಗೆ ಅವನು ಜನ್ಮದಲ್ಲಿ ಕಾಣದ್ದನ್ನು ಕಂಡ. ಅಳತೆ ಪಟ್ಟಿ ಹಿಡಿದು ‘ಉಳಿದ ಒಂದು ಮೈಲಿ ಎಲ್ಲಿ?’ ಎಂದು ಕೇಳಿದವನಿಲ್ಲ. ನಷ್ಟವಿಲ್ಲದ ಮೇಲೆ ತಪ್ಪೆಲ್ಲಿ?

ಆದರೂ ನನಗೆ ‘ಜಗತ್ತಿನ ವಿಸ್ಮಯ’ ಎಂಬುದಕ್ಕೂ ‘ಎರಡು ಮೈಲಿ’ ಎಂಬುದಕ್ಕೂ ವ್ಯತ್ಯಾಸ ಇದೆ ಅನ್ನಿಸುತ್ತದೆ. ಹೆಣ್ಣು ತೋರಿಸುವ ಮಾತುಕತೆಯನ್ನೇ ನೆನಪು ಮಾಡಿಕೊಳ್ಳಿ. ‘ನಮ್ಮ ಹುಡುಗಿ ಅಪ್ಸರೆ, ಕಂಠ ಕೋಗಿಲೆಯದು’ ಎಂದು ಸೋದರತ್ತೆ ಹೊಗಳಿದರೆ ಗಂಡಿನ ಕಡೆಯವರು ತಾವೇ ಅದರಲ್ಲಿ ಅರ್ಧ ಕಳೆದುಕೊಂಡು ಕೇಳುತ್ತಾರೆ. ‘ಹುಡುಗನ ಸಂಬಳ ಇಷ್ಟು, ಜಮೀನು ಇಷ್ಟು ಎಕರೆ’ ಎಂದಾಗ ಹಾಗೆ ಕಳೆಯುವುದಿಲ್ಲ. ಏಕೆಂದರೆ ಸಂಖ್ಯೆ ಬಾಯಿಗೆ ಬಂದರೆ, ಯಾರೋ ಅಳೆದಿದ್ದಾರೆ ಎಂದು ನಾವು ನಂಬುತ್ತೇವೆ. ಬಣ್ಣದ ಮಾತಿನಲ್ಲಿ ಕೇಳುವವರೂ ಆಟದ ಒಳಗಿರುತ್ತಾರೆ. ಸಂಖ್ಯೆಯ ಮಾತಿನಲ್ಲಿ ಕೇಳುವವರು ಹೊರಗಿರುತ್ತಾರೆ, ಆಟ ನಡೆಯುತ್ತಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಸಂತೆಯಲ್ಲಿ ‘ಜೇನಿನಂಥ ಮಾವಿನಹಣ್ಣು’ ಎಂದು ಕೂಗಿದವನ ಮೇಲೆ ನಾವು ಸಿಟ್ಟಾಗುವುದಿಲ್ಲ. ಸೇರಿನ ತಳ ಒಳಕ್ಕೆ ತಗ್ಗಿಸಿಟ್ಟುಕೊಂಡವನನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ. ಇಬ್ಬರೂ ಹೆಚ್ಚು ಮಾರಬೇಕೆಂದೇ ಹಾಗೆ ಮಾಡಿದ್ದು. ಆದರೆ ಎರಡನೆಯವನು ಎಲ್ಲರ ನಂಬಿಕೆಯ ಅಳತೆಯನ್ನೇ ಕೆಡಿಸಿದ. ‘ಕೊನೆಯ ಮೂರು ದಿನ’ ಮೊದಮೊದಲು ಅಳತೆಯ ಮಾತೇ ಆಗಿತ್ತು. ಕೆಡುತ್ತಾ ಕೆಡುತ್ತಾ ಇಂದು ಜೇನಿನಂಥ ಹಣ್ಣಾಗಿದೆ. ನಾಳೆ ಒಬ್ಬ ಬಡ ವ್ಯಾಪಾರಿ ನಿಜವಾಗಿ ಅಂಗಡಿ ಮುಚ್ಚುವಾಗ ಹಾಗೆಂದರೆ ಅವನನ್ನು ಯಾರು ನಂಬುತ್ತಾರೆ? ನಷ್ಟವಾಗುವುದು ಅವನಿಗೆ.

ಹರಿಶ್ಚಂದ್ರನ ಕಥೆಯನ್ನು ರಾಘವಾಂಕನ ಕಾವ್ಯದಿಂದ, ಹರಿಕಥೆಯಿಂದ, ಕಂಪನಿ ನಾಟಕದಿಂದ ನಾವೆಲ್ಲ ಬಲ್ಲೆವು. ಅವನೂ ‘ನಷ್ಟವೇನು?’ ಎಂಬ ಪ್ರಶ್ನೆ ಕೇಳಿಕೊಳ್ಳಬಹುದಿತ್ತು. ಒಂದು ಮಾತು ಸಡಿಲಿಸಿದ್ದರೆ ಪ್ರಜೆಗಳಿಗೆ ರಾಜನಿರುತ್ತಿದ್ದ, ಮಗನಿಗೆ ತಂದೆಯಿರುತ್ತಿದ್ದ. ಆ ಸುಳ್ಳಿನಿಂದ ಯಾರಿಗೂ ಕೆಡುಕಿರಲಿಲ್ಲ. ಆದರೂ ಆಡಲಿಲ್ಲ. ಹಾಗೆಂದು ನಾನು ಅವನನ್ನು ಪೂರ್ತಿ ಒಪ್ಪಿಬಿಟ್ಟೆನೆಂದು ತಿಳಿಯಬೇಡಿ. ಚಂದ್ರಮತಿಯ ಕಡೆಯಿಂದ ನೋಡಿದಾಗಲೆಲ್ಲ ನನಗೆ ತಳಮಳವಾಗುತ್ತದೆ. ಸತ್ಯ ಅವನದು, ಮಾರಾಟವಾದದ್ದು ಅವಳು. ಯಾರದೋ ಮನೆಯಲ್ಲಿ ಮುಸುರೆ ತಿಕ್ಕಿದ್ದು ಅವಳು, ಸತ್ತ ಮಗನನ್ನು ಸ್ಮಶಾನಕ್ಕೆ ಹೊತ್ತದ್ದು ಅವಳು. ಸತ್ಯದ ಬೆಲೆಯನ್ನು ಪಕ್ಕದಲ್ಲಿರುವವರು ತೆರುವುದಾದರೆ ಅದು ಎಷ್ಟರ ಮಟ್ಟಿಗೆ ನಮ್ಮ ಸತ್ಯ?

ಈ ತಳಮಳ ನನ್ನನ್ನು ಫಾಲ್ಕೆಯವರ ಮನೆಯೊಳಕ್ಕೂ ಕರೆದೊಯ್ಯುತ್ತದೆ. ಆ ಎರಡು ಮೈಲಿಯನ್ನು ಬರೆದವರ ಮೇಲೆ ಕಲ್ಲೆಸೆಯುವ ಮುನ್ನ ಅವರ ಮನೆಯಲ್ಲಿ ಏನಿತ್ತು ಎಂದೂ ನೋಡಬೇಕಲ್ಲವೇ? ಫಾಲ್ಕೆ ತಮ್ಮ ವಿಮಾ ಪಾಲಿಸಿಯನ್ನು ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕೆಲಸ ಕಲಿತು ಬಂದವರು. ಮಡದಿ ಸರಸ್ವತೀಬಾಯಿಯವರ ಒಡವೆಗಳೂ ಆ ಬಂಡವಾಳಕ್ಕೆ ಸೇರಿದವು. ಮಗ ಭಾಲಚಂದ್ರನೇ ಚಿತ್ರದಲ್ಲಿ ರಾಜಕುಮಾರನಾದ. ರಾಣಿಯ ಪಾತ್ರಕ್ಕೆ ಹೆಂಗಸರು ಸಿಗದೆ, ಹೋಟೆಲೊಂದರಲ್ಲಿ ಅಡುಗೆ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ ಸೀರೆ ಉಟ್ಟರು. ಇಷ್ಟೆಲ್ಲ ಆದ ಮೇಲೆ ಗಲ್ಲಾದಲ್ಲಿ ಮೂರು ರೂಪಾಯಿ ಬಿದ್ದರೆ ಎದೆ ಒಡೆಯುವುದಿಲ್ಲವೇ? ಹಸಿದ ಮಕ್ಕಳನ್ನು ಮಲಗಿಸಲು ಬರಿಯ ನೀರು ಕುದಿಸಿ ‘ಅನ್ನ ಆಗ್ತಾ ಇದೆ’ ಎಂದ ತಾಯಿಯನ್ನು ಸುಳ್ಳುಗಾರ್ತಿ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ. ಕಷ್ಟಕ್ಕೆ ಆಡಿದ ಸುಳ್ಳು ಸತ್ಯವಾಗುವುದಿಲ್ಲ, ನಿಜ. ಆದರೆ ಅದನ್ನು ಅಳೆಯುವ ಸೇರು ಬೇರೆ.

ಇಷ್ಟಕ್ಕೇ ನಿಲ್ಲಿಸಿಬಿಡಬಹುದಿತ್ತು. ಆದರೆ ಸರಸ್ವತೀಬಾಯಿಯವರು ಬಿಡಲಿಲ್ಲ. ಅವರು ಒಡವೆ ಕೊಟ್ಟು ಸುಮ್ಮನೆ ಕೂತವರಲ್ಲ. ಇಡೀ ತಂಡಕ್ಕೆ ಅಡುಗೆ ಮಾಡಿ, ಬಟ್ಟೆ ಒಗೆದು, ಅದರ ಮೇಲೆ ಫಿಲಮಿನ ಕೆಲಸವನ್ನೂ ಕಲಿತರು. ಆಗ ಕಚ್ಚಾ ಫಿಲಂ ಅಂಚಿನ ತೂತುಗಳಿಲ್ಲದೆ ಬರುತ್ತಿತ್ತು. ಕ್ಯಾಮೆರಾದ ಹಲ್ಲಿಗೆ ಸಿಕ್ಕಿ ಸುರುಳಿ ಮುಂದೆ ಸರಿಯಬೇಕಾದರೆ ಎರಡೂ ಅಂಚಿಗೆ ಒಂದೇ ಸಮನೆ ತೂತು ಬೀಳಬೇಕು. ಬೆಳಕು ತಾಗಿದರೆ ಫಿಲಂ ಹಾಳು, ಹಾಗಾಗಿ ಕತ್ತಲಲ್ಲಿ ಕೂತು, ಸಣ್ಣ ಯಂತ್ರ ಹಿಡಿದು ಮಾಡಬೇಕಾದ ಕೆಲಸ. ಅಡುಗೆಮನೆಯ ಕೆಲಸ ಮುಗಿಸಿ ಈ ತೂತು ಕೊರೆಯುವ ಕೆಲಸಕ್ಕೂ, ರಾಸಾಯನಿಕದಲ್ಲಿ ಫಿಲಂ ತೊಳೆಯುವ ಕೆಲಸಕ್ಕೂ ಕೈಹಾಕಿದವರು ಅವರು.

ಇಲ್ಲಿ ಮತ್ತೊಂದು ಲೆಕ್ಕ ನೋಡಿ. ಒಂದು ಚಿತ್ರಕ್ಕೆ ಒಂದು ಅಂಚಿನಲ್ಲಿ ನಾಲ್ಕು ತೂತು, ಎರಡೂ ಅಂಚಿಗೆ ಎಂಟು. 57,000 ಚಿತ್ರಕ್ಕೆ 4,56,000 ತೂತು! ಜಾಹೀರಾತಿಗೆ ದೊಡ್ಡ ಸಂಖ್ಯೆಯೇ ಬೇಕಿದ್ದರೆ ಮನೆಯೊಳಗೇ ಇತ್ತು. ಎರಡು ಮೈಲಿಗಿಂತ ಬೆರಗಿನ ಸಂಖ್ಯೆ, ಅದೂ ಅಪ್ಪಟ ನಿಜವಾದದ್ದು. ‘ಕತ್ತಲಲ್ಲಿ ಕೂತು ಕೊರೆದ ನಾಲ್ಕೂವರೆ ಲಕ್ಷ ತೂತುಗಳ ಚಿತ್ರ, ಬನ್ನಿ ನೋಡಿ’ ಎಂದಿದ್ದರೆ ಆಗುತ್ತಿರಲಿಲ್ಲವೇ? ಯಾರಿಗೂ ಹಾಗೆ ತೋಚಲಿಲ್ಲ. ಏಕೆ ತೋಚಲಿಲ್ಲ ಎಂಬುದರಲ್ಲೇ ನನ್ನ ಪ್ರಶ್ನೆಗೆ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ. ಇಲ್ಲದ ಮೈಲಿಯನ್ನು ಕಟ್ಟಿ ಸೇರಿಸುವುದು ಸುಲಭ. ಇರುವ ತೂತನ್ನು ಎಣಿಸುವುದು ಕಷ್ಟ. ಎಣಿಸಬೇಕಾದರೆ ಆ ಕೆಲಸವನ್ನು ಕಂಡಿರಬೇಕು, ಮಾಡಿದವರ ಪಕ್ಕದಲ್ಲಿ ಒಂದು ಗಳಿಗೆ ಕೂತಿರಬೇಕು. ಹೆಚ್ಚಿಸಿ ಹೇಳುವ ಮಾತು ಕೇಳುವವರಿಗೆ ಮಾಡುವ ಮೋಸ ಎಂದು ನಾವು ತಿಳಿಯುತ್ತೇವೆ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ದುಡಿದವರಿಗೆ ಮಾಡುವ ಅಲಕ್ಷ್ಯ ಅದು. ಇದ್ದದ್ದು ಸಾಲದು ಎಂದಂತೆ. ಸೂರತ್ತಿನ ಪ್ರೇಕ್ಷಕನಿಗೆ ನಷ್ಟವಾಗಲಿಲ್ಲ ಎಂದೆನಲ್ಲ, ಆ ಮಾತು ಈಗಲೂ ಸರಿಯೇ. ನಷ್ಟವಾದದ್ದು ಮುಕ್ಕಾಲು ಮೈಲಿಗೆ.

ಇದು ಸಿನಿಮಾದ ಮಾತಷ್ಟೇ ಆಗಿದ್ದರೆ ಇಷ್ಟುದ್ದ ಎಳೆಯುತ್ತಿರಲಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ನಮ್ಮ ಬಗ್ಗೆ ಆಡುವ ಹೊಗಳಿಕೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ‘ನಮ್ಮ ಸೊಸೆ ಸಾಕ್ಷಾತ್ ಲಕ್ಷ್ಮಿ.’ ‘ಅಮ್ಮ ಅಂದರೆ ಅನ್ನಪೂರ್ಣೆ.’ ‘ಹೆಣ್ಣು ಭೂಮಿತೂಕದವಳು.’ ಎಲ್ಲವೂ ಎರಡು ಮೈಲಿ ಉದ್ದದ ಮಾತುಗಳು. ಕೇಳಲು ಹಿತ, ಸನ್ಮಾನದ ದಿನ ಶಾಲು ಹೊದಿಸುವಾಗ ಹೇಳಲು ಸುಲಭ. ಆದರೆ ದಿನಕ್ಕೆ ಹತ್ತು ಅಕ್ಕಿರೊಟ್ಟಿ ತಟ್ಟುವವಳು 57,000 ರೊಟ್ಟಿ ಮುಗಿಸಲು ಹದಿನೈದೂವರೆ ವರ್ಷ ಬೇಕು ಎಂದು ಯಾವ ಮನೆಯವರು ಎಣಿಸಿದ್ದಾರೆ? ಮಲೆನಾಡಿನ ಮಳೆಗಾಲದಲ್ಲಿ ಒಣಗದ ಬಟ್ಟೆಯನ್ನು ಒಲೆಯ ಮೇಲೆ ಹರವಿ, ಮಗುಚಿ, ಮತ್ತೆ ಹರವಿದ್ದನ್ನು? ಪೇಪರ್ ಟೌನಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಬೆಳಗಿನ ಜಾವ ಎದ್ದು ನೀರು ಕಾಯಿಸಿದ್ದನ್ನು? ದೇವತೆ ಎಂದುಬಿಟ್ಟರೆ ಎಣಿಸುವ ಕೆಲಸ ತಪ್ಪುತ್ತದೆ. ದೇವತೆಗೆ ಸುಸ್ತಾಗುವುದಿಲ್ಲವಲ್ಲ!

ಹಾಗಾಗಿ ‘ಜಗತ್ತಿನ ವಿಸ್ಮಯ’ದ ಮೇಲೆ ನನಗೆ ಜಗಳವಿಲ್ಲ; ಸಂತೆಯ ಕೂಗು ಸಂತೆಗೆ ಚೆಂದ. ಕಷ್ಟದಲ್ಲಿ ಎರಡು ಮೈಲಿ ಎಂದವರನ್ನು ಕ್ಷಮಿಸಲೂ ನಾನು ಸಿದ್ಧ. ಆದರೆ ಕ್ಷಮಿಸುವುದು ಬೇರೆ, ಮೆಚ್ಚುವುದು ಬೇರೆ. ಮೆಚ್ಚಬೇಕಾದ ಜಾಹೀರಾತು ಯಾರೂ ಬರೆಯದೆ ಉಳಿದುಹೋಯಿತು. ಆ ಚಿತ್ರವೂ ಇಂದು ಪೂರ್ತಿಯಾಗಿ ಉಳಿದಿಲ್ಲ. ಉಳಿದ ತುಣುಕುಗಳನ್ನು ಯಾವಾಗಲಾದರೂ ಟಿ.ವಿ.ಯಲ್ಲಿ ತೋರಿಸಿದರೆ ರಾಜನನ್ನೂ ರಾಣಿಯನ್ನೂ ನೋಡಿ, ಬೇಡವೆನ್ನುವುದಿಲ್ಲ. ಪರದೆಯ ಮೇಲೆ ಕಾಣದ ಆ ಎರಡು ಅಂಚುಗಳನ್ನೂ ಒಮ್ಮೆ ನೆನೆಯಿರಿ. ಹರಿಶ್ಚಂದ್ರ ಒಂದು ಹೆಜ್ಜೆ ಮುಂದೆ ಇಟ್ಟದ್ದು ಆ ತೂತುಗಳ ಬಲದಿಂದ.